ಹನಿ ನಿಂತ ಅಮಾಸಿಗಳು

ಹೋದ ಅಮಾವಾಸ್ಯೆಯ ದಿನ ಅಥಣಿಯಲ್ಲಿ ನಮ್ಮ ಕಾಲೇಜಿನ ಗೇಟಿನ ಹೊರಗೆ ಸಹೋದ್ಯೋಗಿ ಸುಜಾತಾ ತಮ್ಮ ಹೊಸ ಕಾರಿಗೆ ಪೂಜೆ ಮಾಡಿಸುತ್ತಿದ್ದರು. ಸತ್ತಿ ಗ್ರಾಮದಿಂದ ಬಂದಿದ್ದ ಅವರ ಮಾವನವರು ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ತಾಟಿನಲ್ಲಿ ಒಂದು ಮುಷ್ಟಿ ಕರ್ಪೂರ ಹಚ್ಚಿದರು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿಬಿಟ್ಟವು. ಹೊಗೆ ಹತ್ತಿತೇನೋ ಎಂದು ಸುಜಾತಾ ಕೈ ಹಿಡಿದು ಆಚೆ ಎಳೆದುಕೊಂಡರು. ನಾನೂ ಹೌದು ಎಂದೆ. ಹೊಗೆ ಹತ್ತಿದ್ದು ನಿಜವೇ, ಆದರೆ ಹತ್ತಿ ಎಂಟು ವರ್ಷವಾಗಿತ್ತು.

ಆಗ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಊರು ರಾಯಬಾಗ ತಾಲ್ಲೂಕಿನ ಅಲಖನೂರ. ಚಿಕ್ಕೋಡಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ, ರವಿವಾರ ಊರಿಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಬರುತ್ತಿದ್ದೆ. ಏನು ಓದುತ್ತೀ ಎಂದು ಊರಲ್ಲಿ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಹೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಸಾವಧಾನವಾಗಿ ಹೇಳುತ್ತೇನೆ. ಮುಖಕ್ಕೆ ಹಚ್ಚುವ ಕ್ರೀಮು, ಮಕ್ಕಳ ಮೈಗೆ ಹಚ್ಚುವ ಮುಲಾಮುಗಳಲ್ಲಿ ಬಿಳಿ ಪುಡಿಯೊಂದಿರುತ್ತದೆ, ಜಿಂಕ್ ಆಕ್ಸೈಡ್. ಅದನ್ನು ಗಾಜಿನ ಪಟ್ಟಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರಿಸಬೇಕು. ಕೂರಿಸುವ ವಿಧಾನ ಬದಲಾದರೆ ಅದರ ಮೇಲ್ಮೈಯ ಗುಣ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಇಷ್ಟೇ ನನ್ನ ಕೆಲಸ. ಇಷ್ಟಕ್ಕೇ ಐದು ವರ್ಷ ಹೋಗಿದ್ದವು.

ಮೊದಲ ನಾಲ್ಕು ವರ್ಷ ನಾನು ಸಿಂಪಡಿಸುವ ವಿಧಾನವನ್ನೇ ಹಿಡಿದುಕೊಂಡಿದ್ದೆ. ನಾನೂರು ಡಿಗ್ರಿ ಕಾದ ತಟ್ಟೆಯ ಮೇಲೆ ಗಾಜಿಟ್ಟು ಸತುವಿನ ದ್ರಾವಣವನ್ನು ಸಣ್ಣ ತುಂತುರಾಗಿ ಬಿಡುವುದು. ಕಾಳು ಕಾಳಾಗಿ, ಒಂದಕ್ಕೊಂದು ಒತ್ತಿಕೊಂಡು, ನುಣುಪಾದ ಪದರ ಕೂರುತ್ತಿತ್ತು. ಐದನೆಯ ವರ್ಷದ ಜೂನಿನಲ್ಲಿ ಎರಡನೆಯ ವಿಧಾನ ಶುರು ಮಾಡಿದೆ. ಇದರಲ್ಲಿ ಗಾಜನ್ನು ಬಿಸಿ ದ್ರಾವಣದ ಬೀಕರಿನಲ್ಲಿ ಮೂರು ತಾಸು ತಲೆಕೆಳಗಾಗಿ ಇಳಿಬಿಡುತ್ತಾರೆ. ಆಗ ಪದರ ನುಣುಪಾಗಿ ಕೂರುವುದಿಲ್ಲ, ಕೂದಲಿಗಿಂತ ಸಾವಿರ ಪಾಲು ಸಣ್ಣ ಕಡ್ಡಿಗಳು ಮೇಲಕ್ಕೆ ಎದ್ದು ನಿಲ್ಲುತ್ತವೆ. ಕೊಲ್ಹಾಪುರದ ಕಡೆ ಕಳಿಸಿ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅದರ ಫೋಟೋ ತೆಗೆಸಿದಾಗ ನಮ್ಮ ಹೊಲದ ಕಬ್ಬೇ ನೋಡಿದಂತಾಯಿತು.

ಪದರ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ನನ್ನ ಪರೀಕ್ಷೆ ಸಾದಾ ಇತ್ತು. ಸಿರಿಂಜಿನಿಂದ ಒಂದು ಹನಿ ನೀರು ಬಿಟ್ಟು ಪಕ್ಕದಿಂದ ಫೋಟೋ ಹೊಡೆಯುವುದು. ಮೇಲ್ಮೈ ಶುದ್ಧವಿದ್ದರೆ ಹನಿ ಹರಡಬೇಕು. ಜೂನಿನಲ್ಲಿ ಹರಡಿತು. ಆಮೇಲೆ ಒಂದು ಸಲ ಗುಂಡಗೆ ಎದ್ದು ನಿಂತುಬಿಟ್ಟಿತು. ಮತ್ತೆ ಮೂರು ವಾರ ಹರಡಿತು, ಮತ್ತೆ ನಿಂತಿತು. ಅದೇ ಗಾಜು, ಅದೇ ದ್ರಾವಣ, ಅದೇ ನಾನು. ಸಿಂಪಡಿಸಿದ ಪದರಗಳು ಮಾತ್ರ ಹೆಚ್ಚೂಕಡಿಮೆ ಇದ್ದ ಹಾಗೇ ಇದ್ದವು.

ನಮ್ಮ ಗೈಡ್ ಪಾಟೀಲ ಸರ್ ಒಳ್ಳೆಯವರು, ಆದರೆ ಒಂದು ವಿಷಯದಲ್ಲಿ ಜಗ್ಗುವವರಲ್ಲ. ಒಮ್ಮೆ ಬಂದದ್ದು ಸುದ್ದಿ, ಮೂರು ಸಲ ಬಂದದ್ದು ಫಲಿತಾಂಶ ಎನ್ನುತ್ತಿದ್ದರು. ಮೂರು ಸಲ ಒಂದೇ ಥರ ಬರದೆ ಅವರು ಸಹಿ ಮಾಡುವುದಿಲ್ಲ. ಅವರು ಮೇ ಕೊನೆಗೆ ನಿವೃತ್ತರಾಗುವವರಿದ್ದರು. ಅವರು ಹೋದರೆ ಆ ಕಾಲೇಜಿನಲ್ಲಿ ನನಗೆ ಬೇರೆ ಗೈಡ್ ಇರಲಿಲ್ಲ. ಧಾರವಾಡದ ಕಡೆಯೋ ಮತ್ತೆಲ್ಲೋ ಹುಡುಕಿಕೊಂಡು, ಹೊಸ ವಿಷಯ ಹಿಡಿದು, ಮೊದಲಿನಿಂದ ಮಾಡಬೇಕು. ಮತ್ತೆ ಐದು ವರ್ಷ ಎಂದು ಮನೆಯಲ್ಲಿ ಹೇಳುವ ಬಾಯಿ ನನಗಿರಲಿಲ್ಲ. ಹೀಗಾಗಿ ಆ ವರ್ಷ ನನ್ನ ಬದುಕೆಲ್ಲ ಒಂದು ಹನಿ ನೀರು ಹರಡುತ್ತದೋ ನಿಲ್ಲುತ್ತದೋ ಎಂಬುದರ ಮೇಲೆ ಕೂತಿತ್ತು.

ಆ ಲ್ಯಾಬಿನಲ್ಲಿ ನನ್ನ ಜೊತೆಗಿದ್ದವರು ಲಗಮಣ್ಣ ಕಾಕಾ. ಬೇಡಕಿಹಾಳದವರು, ವಯಸ್ಸು ಐವತ್ತೆಂಟರ ಹತ್ತಿರ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಹುದ್ದೆ ಅಟೆಂಡರ್. ಗಾಜಿನ ಪಟ್ಟಿಗಳನ್ನು ಸೋಪಿನ ನೀರು, ಆಸಿಡ್ಡು, ಬಟ್ಟಿ ಇಳಿಸಿದ ನೀರು ಎಂದು ಸಾಲಾಗಿ ತೊಳೆದು ಒಣಗಿಸಿ ಕೊಡುವುದು ಅವರ ಕೆಲಸ. ಹೊಲದಲ್ಲಿ ಬೆಳೆಗೆ ಔಷಧ ಹೊಡೆಯುವುದಕ್ಕೆ ನಮ್ಮ ಕಡೆ ಫವಾರಣಿ ಎನ್ನುತ್ತಾರಲ್ಲ, ನನ್ನ ಸಿಂಪಡಣೆಗೂ ಅವರು ಅದೇ ಹೆಸರಿಟ್ಟಿದ್ದರು. ಬೆಳಿಗ್ಗೆ ನಾನು ಬಾಗಿಲಲ್ಲಿ ಕಂಡರೆ ಸಾಕು, ಇವತ್ತ ಫವಾರಣಿ ಐತೇನ್ರಿ ಎಂದು ಕೇಳುತ್ತಿದ್ದರು. ಲ್ಯಾಬಿನೊಳಗೆ ಅವರು ಒಂದು ದಿನವೂ ಚಪ್ಪಲಿ ಹಾಕಿದವರಲ್ಲ, ಹೊಸ್ತಿಲ ಹೊರಗೇ ಬಿಡುತ್ತಿದ್ದರು. ನಾನು ಎಷ್ಟೋ ಸಲ ಆಸಿಡ್ಡು ಕಾಲಿಗೆ ಬಿದ್ದೀತು ಎಂದು ಬೈದಿದ್ದೆ. ನಕ್ಕು ಗಾಜು ತೊಳೆಯಲು ಹೋಗುತ್ತಿದ್ದರು.

ಆ ವರ್ಷದ ಮಳೆ ಜೋರಿತ್ತು. ಘಟ್ಟದ ಮೇಲೆ ಹೊಡೆದ ಮಳೆಗೆ ದೂಧಗಂಗೆ ಹೊಳೆ ಉಕ್ಕಿ ದಾರಿ ಕಟ್ಟಿ, ಕಾಕಾ ನಿಪ್ಪಾಣಿ ಸುತ್ತು ಹಾಕಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಲ್ಯಾಬಿಗೆ ಬರುತ್ತಿದ್ದರು. ನಾನು ಮೊದಲು ಮಳೆಯ ಮೇಲೇ ತಪ್ಪು ಹೊರಿಸಿದೆ. ಗಾಳಿಯಲ್ಲಿ ಹಸಿ ಹೆಚ್ಚು, ಅದಕ್ಕೇ ಹನಿ ನಿಲ್ಲುತ್ತಿದೆ ಎಂದುಕೊಂಡೆ. ಮಳೆ ಹೋಯಿತು, ಹನಿಯ ಚಾಳಿ ಹೋಗಲಿಲ್ಲ. ಆಮೇಲೆ ರಾಸಾಯನಿಕದ ಬಾಟಲಿ ಮೇಲೆ ಸಂಶಯಪಟ್ಟು ಹೊಸದು ತರಿಸಿದೆ. ದೀಪಾವಳಿ ರಜೆ ಮುಗಿಸಿ ಬಂದು ನೋಡಿದರೆ ಟ್ರೇಯಲ್ಲಿದ್ದ ಹದಿನಾರು ಗಾಜುಗಳ ಮೇಲೂ ಹನಿ ಗುಂಡಗೆ ಕೂತಿತ್ತು. ಅವತ್ತು ನನ್ನ ತಲೆ ಕೆಟ್ಟುಹೋಯಿತು.

ಕಾಕಾ ಅಲ್ಲೇ ಲ್ಯಾಬಿನ ಮೋರಿಯ ನಲ್ಲಿಯ ಕೆಳಗೆ ಗಾಜು ತೊಳೆಯುತ್ತಿದ್ದರು. ಬಿ.ಎಸ್‌ಸಿ. ಹುಡುಗಿಯರು ಏಳೆಂಟು ಮಂದಿ ಪ್ರಾಕ್ಟಿಕಲ್‌ಗೆ ನಿಂತಿದ್ದರು. ಅವರೆಲ್ಲರ ಎದುರಿಗೇ ನಾನು ಕೂಗಾಡಿಬಿಟ್ಟೆ. ಗಾಜು ನೆಟ್ಟಗೆ ತೊಳೆಯಲು ಬರುವುದಿಲ್ಲವೇ, ನಿಮ್ಮ ಕೈಯ ಎಣ್ಣೆ ಪಸೆಯೇ ಹತ್ತುತ್ತಿದೆ, ನನ್ನ ವರ್ಷ ಹಾಳು ಮಾಡುತ್ತಿದ್ದೀರಿ ಎಂದೆಲ್ಲ ಅಂದೆ. ಅಪ್ಪನ ವಯಸ್ಸಿನ ಮನುಷ್ಯ. ಕೈ ಒರೆಸಿಕೊಂಡು, ಇನ್ನೊಮ್ಮೆ ತೊಳಿತೀನ್ರಿ ಮೇಡಮ್ಮಾರ, ಎಂದರು ಅಷ್ಟೇ. ಆ ದಿನದಿಂದ ಪ್ರತಿ ಗಾಜನ್ನೂ ನಾಲ್ಕು ನಾಲ್ಕು ಸಲ ತೊಳೆಯತೊಡಗಿದರು. ಆಸಿಡ್ಡಿಗೆ ಅವರ ಬೆರಳ ತುದಿಗಳು ಸೀಳು ಬಿಟ್ಟಿದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಷ್ಟು ತೊಳೆದರೂ ಎಳ್ಳಮಾಸಿಯ ವಾರ ಮತ್ತೆ ಹನಿ ನಿಂತಿತು, ಹಿಂದೆಂದಿಗಿಂತ ಗುಂಡಗೆ.

ಜನವರಿಯ ಒಂದು ರವಿವಾರ ಊರಲ್ಲಿದ್ದೆ. ನಮ್ಮ ಕಬ್ಬು ಕಡಿಯುವ ಗ್ಯಾಂಗು ಬಂದಿತ್ತು, ಮನೆಯ ತುಂಬ ಗದ್ದಲ. ನಾನು ಅಡಿಗೆಮನೆಯಲ್ಲಿ ನೋಟ್‌ಬುಕ್ಕು ಹರಡಿಕೊಂಡು ಕೆಟ್ಟ ದಿನಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡುತ್ತಿದ್ದೆ. ಅವ್ವ ಕ್ಯಾಲೆಂಡರಿನ ಮುಂದೆ ನಿಂತು ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆ ಯಾವತ್ತು ಬೀಳುತ್ತದೆ ಎಂದು ನೋಡುತ್ತಿದ್ದಳು. ನನ್ನ ಮುಖ ಕಂಡು, ಅದೇನು ಬರೆಯುತ್ತಿದ್ದೀ ಎಂದು ಕೇಳಿದಳು. ಕೆಲಸ ಕೆಟ್ಟ ದಿನಗಳು ಎಂದೆ. ಓದು ನೋಡೋಣ ಎಂದಳು. ಸಿಟ್ಟಿನಲ್ಲೇ ಓದತೊಡಗಿದೆ. ಹೊಸ ಕ್ಯಾಲೆಂಡರಿನ ಹಿಂದೆ ಅದೇ ಮೊಳೆಗೆ ಹಳೆಯದೂ ತೂಗುತ್ತಿತ್ತು. ಅವ್ವ ಅದನ್ನು ಮುಂದೆ ಮಾಡಿ, ನಾನು ಓದಿದ ಒಂದೊಂದು ತಾರೀಖಿನ ಮೇಲೂ ಬೆರಳಿಟ್ಟು ನೋಡಿದಳು. ಐದೂ ಓದಿ ಮುಗಿಸಿದಾಗ ಆಕೆ ತಿರುಗಿ ನಿಂತಳು.

“ಇವೆಲ್ಲಾ ಅಮಾಸಿ ದಿನ ಇಲ್ಲಾ ಅಮಾಸಿ ಆದ ಬೆನ್ನಿಗಿನ ದಿನಾನ ಅದಾವ ನೋಡು. ನಿನಗ ಅಮಾಸಿ ಕೂಡಿ ಬರೂದಿಲ್ಲವಾ. ಆವಾಗ ಕೆಲಸಕ್ಕ ಕೈ ಹಚ್ಚಬ್ಯಾಡ.”

ನಾನು ನಕ್ಕೆ. ಜಿಂಕ್ ಆಕ್ಸೈಡಿಗೆ ಎಲ್ಲಿಯ ಅಮಾಸಿ, ಹುಣ್ಣಿವೆ ಎಂದು ಏನೋ ಹೇಳಲು ಬಾಯಿ ತೆರೆದೆ. ಬಾಯಲ್ಲಿ ಕೊಬ್ಬರಿ ಸಕ್ಕರೆಯ ರುಚಿ ನೆನಪಾಯಿತು.

ನಮ್ಮ ಕಡೆ ಅಮಾಸಿ ಎಂದರೆ ಅಂಗಡಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಬಸ್ಸು, ಯಾವುದಕ್ಕೂ ಪೂಜೆ ತಪ್ಪುವುದಿಲ್ಲ. ಕಾಕಾ ನಮ್ಮ ಲ್ಯಾಬಿನ ಸಿಂಪಡಿಸುವ ಮಶಿನ್ನಿಗೂ ಮಾಡುತ್ತಿದ್ದರು. ರಜೆಯಿದ್ದರೂ ಬಿಡದೆ ಬೆಳಿಗ್ಗೆ ಎಂಟಕ್ಕೇ ಬಂದು, ದೀಪ ಆರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಎಣ್ಣೆಯ ದೀಪ, ಊದುಬತ್ತಿ, ಕರ್ಪೂರ ಹಚ್ಚಿ, ಕಾಯಿ ಒಡೆದು, ನಾನು ಬಂದ ಕೂಡಲೇ ಅಂಗೈಗೆ ಕೊಬ್ಬರಿ ಸಕ್ಕರೆ ಹಾಕುತ್ತಿದ್ದರು. ಐದು ವರ್ಷ ನಾನು ತಿಂದಿದ್ದೆ. ಕೆಟ್ಟ ಗಾಜುಗಳನ್ನು ಬೈಯುತ್ತ ಬೈಯುತ್ತ ತಿಂದಿದ್ದೆ. ಅದೇ ಕೋಣೆಯಲ್ಲಿ ಟ್ರೇಯೊಳಗೆ ನನ್ನ ಗಾಜುಗಳು ತೆರೆದುಕೊಂಡೇ ಬಿದ್ದಿರುತ್ತಿದ್ದವು. ಅಮಾಸಿ ದಿನ ಬಸ್ಸಿನಲ್ಲಿ, ರಸ್ತೆಯಲ್ಲಿ, ಚಹಾದಂಗಡಿಯಲ್ಲಿ ಎಲ್ಲ ಕಡೆಯೂ ಅದೇ ವಾಸನೆ. ಲ್ಯಾಬಿನಲ್ಲೂ ಇದೆ ಎಂದು ಮೂಗಿಗೆ ಬೇರೆಯಾಗಿ ತಿಳಿಯಲೇ ಇಲ್ಲ.

ಎಲ್ಲ ಬಿಡಿಸಿಕೊಂಡಿತು. ಹೊಗೆಯ ಜಿಡ್ಡು ಎಲ್ಲ ಗಾಜಿನ ಮೇಲೂ ಕೂರುತ್ತದೆ. ಸಿಂಪಡಿಸಿದ ನುಣುಪು ಪದರದ ಮೇಲೆ ಅದಕ್ಕೆ ನಿಲ್ಲಲು ಜಾಗ ಕಡಿಮೆ. ಕಡ್ಡಿಗಳು ಎದ್ದು ನಿಂತ ಪದರದಲ್ಲಿ ಸಂದುಸಂದಿಗೂ ಜಾಗ. ಒಳಗೆ ಹೊಕ್ಕು ಕೂತುಬಿಟ್ಟರೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೊದಲ ನಾಲ್ಕು ವರ್ಷ ಪೂಜೆ ಇದ್ದರೂ ನನಗೆ ತೊಂದರೆ ಯಾಕಾಗಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ನಾನು ಕುಣಿಯಬೇಕಿತ್ತು. ಆದರೆ ಕಾಕಾನ ಸೀಳಿದ ಬೆರಳುಗಳು ಕಣ್ಣ ಮುಂದೆ ಬಂದವು.

ಅವರಿಗೆ ಹೇಳದೆ ಮೊದಲು ನಾನೇ ಖಾತ್ರಿ ಮಾಡಿಕೊಳ್ಳಬೇಕು ಎಂದು, ಮರುದಿನ ಅಂಗಡಿಯಿಂದ ಕರ್ಪೂರ ತಂದು, ಲ್ಯಾಬಿನ ಕಿಟಕಿ ಮುಚ್ಚಿ ಹಚ್ಚಿದೆ. ಅಷ್ಟರಲ್ಲಿ ಕಾಕಾ ಒಳಗೆ ಬಂದರು. ಅಮಾಸಿಯಲ್ಲ, ಹಬ್ಬವಲ್ಲ, ಇವತ್ತು ಯಾಕೆ ಕರ್ಪೂರ ಎಂದು ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮೆತ್ತಗೆ ಹೇಳಲೂ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಯಾವತ್ತೂ ನನ್ನೆದುರು ಕೂರದ ಮನುಷ್ಯ ಸ್ಟೂಲಿನ ಮೇಲೆ ಕೂತರು.

“ಹಂಗಾರ ಎಲ್ಲಾ ಕೆಟ್ಟಿದ್ದು ನನ್ನಿಂದನ ಏನ್ರಿ?”

ನಾನು ಏನೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ರಜೆಯ ಚೀಟಿ ಯಾರದೋ ಕೈಯಲ್ಲಿ ಬಂತು. ಪಾಟೀಲ ಸರ್ ಎಲ್ಲ ಕೇಳಿ, ಇದೇ ಒಂದು ಅಧ್ಯಾಯವಾಗುತ್ತದೆ, ಅಳತೆ ಇಟ್ಟು ಹೊಗೆ ಹಾಕಿ ನೋಡು, ಆದರೆ ಎಪ್ರಿಲ್ ದಾಟಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ನಾನು ಒಬ್ಬಳೇ ಎರಡು ಸಲ ಮಾಡಿ ನೋಡಿದೆ. ಒಂದಕ್ಕೊಂದು ತಾಳೆಯಾಗಲಿಲ್ಲ. ದೀಪಕ್ಕೆ ಎಷ್ಟು ಎಣ್ಣೆ, ಕರ್ಪೂರ ಎಷ್ಟು, ಕಿಟಕಿ ಎಷ್ಟು ಹೊತ್ತು ಮುಚ್ಚಬೇಕು, ಏನೂ ಗೊತ್ತಿರಲಿಲ್ಲ. ತಿಂಗಳು ತಿಂಗಳೂ ಒಂದೇ ಥರ ಮಾಡಿದ ಕೈ ಅವರದು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಆ ಲ್ಯಾಬಿನಲ್ಲಿ ಅವರಿಲ್ಲದೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ.

ಐದನೆಯ ದಿನ ಬೇಡಕಿಹಾಳದ ಬಸ್ಸು ಹತ್ತಿದೆ. ಕಾಕಾನ ಹೆಂಡತಿ ಬಾಗಿಲಲ್ಲೇ ನನ್ನನ್ನು ಗುರುತಿಸಿ, ಚಹಾ ಕುಡಿಸದೆ ಬಿಡಲಿಲ್ಲ. ಎಲ್ಲಿದ್ದಾರೆ ಎಂದರೆ ಹೊಲದ ಕಡೆ ಕೈ ತೋರಿಸಿದರು. ಮನೆಯಲ್ಲಿ ಏನೂ ಹೇಳಿಲ್ಲ, ಕೇಳಿದರೆ ಸಿಡುಕುತ್ತಾರೆ, ಏನಾಗಿದೆ ಯವ್ವಾ ಎಂದು ನನ್ನನ್ನೇ ಕೇಳಿದರು. ತಪ್ಪು ನನ್ನದು ಎಂದಷ್ಟೇ ಹೇಳಿ ಎದ್ದೆ.

ಕಾಕಾ ಕುಳೆ ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾನು ಕೂತೆ, ಆಮೇಲೆ ಅವರೂ ಕೂತರು. ಹುಡುಗಿಯರ ಎದುರು ನಾನು ಅಂದದ್ದು ಸುಳ್ಳು, ನಿಮ್ಮ ಗಾಜು ಒಂದು ದಿನವೂ ಕೊಳೆ ಇರಲಿಲ್ಲ, ನನ್ನನ್ನು ಕ್ಷಮಿಸಿ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟೆ.

“ಗಾಜಿನ ಮಾತ ಬಿಡ್ರಿ,” ಎಂದರು ಕಾಕಾ. “ನೀವು ಅಷ್ಟ ದಿನ ದುಡದದ್ದು ನನ್ನ ಕೈಲೆ ಹೋತಲ್ರಿ. ಅದಕ್ಕ ಮಾರಿ ತೋರಸಾಕ ಆಗವಲ್ತು.”

ಏನೂ ಹೋಗಿಲ್ಲ ಎಂದು ಬಿಡಿಸಿ ಹೇಳಿದೆ. ಸರ್ ಹೇಳಿದ್ದನ್ನೂ ಹೇಳಿದೆ. ಆ ಹೊಗೆಯನ್ನು ಅಳತೆ ಇಟ್ಟು ಮತ್ತೆ ಹಾಕಬೇಕಾಗಿದೆ, ಅದು ನಿಮ್ಮ ಕೈಯಿಂದಲೇ ಆಗಬೇಕು, ಬನ್ನಿ ಎಂದೆ. ಕಾಕಾ ಎದ್ದು ಹೋಗಿ ನೀರನ್ನು ಇನ್ನೊಂದು ಸಾಲಿಗೆ ತಿರುಗಿಸಿ ಬಂದರು.

“ದೇವರ ಹೆಸರ ತಗೊಂಡ ಹಚ್ಚಿದ್ದನ್ನ ಪರೀಕ್ಷಾಕ್ಕ ಹಚ್ಚೂದು ನನ್ನ ಕೈಲೆ ಆಗೂದಿಲ್ರಿ, ಮೇಡಮ್ಮಾರ.”

ವಾದ ಮಾಡುವುದರಲ್ಲಿ ನಾನು ಊರಿಗೆ ಹೆಸರಾದವಳು. ಆ ದಿನ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಕಾ ಬಸ್ಸಿನವರೆಗೆ ಬಂದು ಬಿಟ್ಟುಹೋದರು. ಇಲ್ಲಿಗೆ ನನ್ನ ಪಿಎಚ್‌.ಡಿ. ಮುಗಿಯಿತು ಎಂದುಕೊಂಡೇ ಕಿಟಕಿಗೆ ತಲೆ ಆನಿಸಿ ಚಿಕ್ಕೋಡಿ ಮುಟ್ಟಿದೆ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದಿತ್ತು. ಕಾಕಾ ಮಶಿನ್ನಿನ ಮುಂದೆ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು. ಐದು ವರ್ಷದಲ್ಲಿ ಮೊದಲ ಸಲ ಆ ನೆಲದ ಮೇಲೆ ಅವರ ಚಪ್ಪಲಿ ನೋಡಿದೆ. ನಾನು ನೋಡುತ್ತಿರುವುದನ್ನು ಅವರೂ ನೋಡಿದರು.

“ಇದನ್ನ ಬಿಡೂದಿಲ್ರಿ ಇವತ್ತ. ಚಪ್ಪಲ ಮ್ಯಾಲ ನಿಂತ ಹಚ್ಚಿದ್ರ ಅದು ಪೂಜಿ ಅಲ್ಲ. ಬರೇ ಕರ್ಪೂರ.”

ಹೀಗೆ ನಮ್ಮ ಕೆಲಸ ಶುರುವಾಯಿತು. ಮೀನು ಸಾಕುವ ಹಳೆಯ ಗಾಜಿನ ತೊಟ್ಟಿಯೊಂದನ್ನು ಬೋರಲು ಹಾಕಿ, ಒಳಗೆ ಎರಡೂ ಬಗೆಯ ಗಾಜುಗಳನ್ನು ಇಟ್ಟೆವು. ಕಾಕಾ ಪ್ರತಿ ಸಲ ಅಂದಾಜಿನಿಂದ ತೆಗೆದ ಕರ್ಪೂರವನ್ನು ನಾನು ತಕ್ಕಡಿಗೆ ಹಾಕಿ ನೋಡುತ್ತಿದ್ದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರುತ್ತಿರಲಿಲ್ಲ. ನನಗಿಂತ ತಕ್ಕಡಿಗೇ ಹೆಚ್ಚು ಆಶ್ಚರ್ಯವಾಗಿರಬೇಕು. ಅವರು ಬಾಯಿ ಬಿಗಿಹಿಡಿದು, ಯಾವ ಹೆಸರೂ ತುಟಿಗೆ ಬರದ ಹಾಗೆ ಹಚ್ಚುತ್ತಿದ್ದರು. ಕಡ್ಡಿ ಎದ್ದ ಗಾಜುಗಳ ಮೇಲೆ ಹನಿ ಗುಂಡಗೆ ನಿಂತಿತು, ಸಿಂಪಡಿಸಿದವುಗಳ ಮೇಲೆ ಅರೆಬರೆ ಹರಡಿತು. ಹನಿ ನಿಂತಿತೆಂದು ನಾನು ಸಂತೋಷಪಟ್ಟದ್ದು ಆ ವರ್ಷ ಅದೇ ಮೊದಲು.

ಜಿಡ್ಡನ್ನು ತೆಗೆಯುವ ದಾರಿಯನ್ನೂ ನೋಡಬೇಕಿತ್ತು. ತೊಳೆದು ನೋಡಿದೆವು, ಹೋಗಲಿಲ್ಲ. ಮಾರ್ಚಿನ ಬಿಸಿಲಿಗೆ ಕಾಲೇಜಿನ ಮಾಳಿಗೆಯ ಮೇಲೆ ಸಾಲಾಗಿ ಇಟ್ಟೆವು. ಬಿಸಿಲು ಬಿದ್ದರೆ ಜಿಂಕ್ ಆಕ್ಸೈಡು ತನ್ನ ಮೇಲಿನ ಜಿಡ್ಡನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಂಜೆಗೆ ತಂದು ಹನಿ ಬಿಟ್ಟರೆ ಸುರ್ರೆಂದು ಹರಡಿಕೊಂಡಿತು. ಕಾಕಾ ಬಗ್ಗಿ ನೋಡಿ, ನೀರಿಗೆ ಹೋಗದ್ದು ಬಿಸಿಲಿಗೆ ಹೋಯಿತೆಂದರೆ ತೊಳೆದವನದು ತಪ್ಪಿಲ್ಲ ಎಂದಾಯಿತು ಅಲ್ಲವೇ ಎಂದು ನನ್ನನ್ನು ಛೇಡಿಸಿದರು. ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದರು. ಆ ನಗು ನೋಡಿ ನನಗೆ ಹೊಟ್ಟೆ ತಂಪಾಯಿತು.

ಫೆಬ್ರುವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಬಂದದ್ದೇ ಎಪ್ರಿಲ್‌ನಲ್ಲೂ ಬಂತು. ಪಾಟೀಲ ಸರ್ ಮೂರೂ ಸಲದ ಅಳತೆಯ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅರ್ಧ ತಾಸು ನೋಡಿದರು. ಆಮೇಲೆ ಪೆನ್ನು ತೆಗೆದು ಸಹಿ ಮಾಡಿ, ಇನ್ನು ಬರೆದು ಮುಗಿಸು ಎಂದರು. ಅವರ ಕೋಣೆಯಿಂದ ಲ್ಯಾಬಿಗೆ ನಾನು ನಡೆದು ಬಂದೆನೋ ಓಡಿ ಬಂದೆನೋ ತಿಳಿಯದು.

ಕಾಕಾ ಮೋರಿಯ ಹತ್ತಿರ ಬೀಕರು ತೊಳೆಯುತ್ತಿದ್ದರು. ಮೂರನೆಯದೂ ತಾಳೆಯಾಯಿತು, ಸಹಿಯಾಯಿತು ಎಂದೆ. ಅವರು ಕಣ್ಣು ಮುಚ್ಚಿ ತೆರೆದರು. ನನಗೆ ಖುಷಿಯಲ್ಲಿ ನಾಲಗೆ ಹಿಡಿತದಲ್ಲಿರಲಿಲ್ಲ. ನನ್ನ ಗಾಜು ಚೆನ್ನಾಗಿ ಬರಲಿ ಎಂದು ತಿಂಗಳು ತಿಂಗಳೂ ಬೇಡಿಕೊಂಡಿರಿ, ನಿಮ್ಮ ದೇವರು ಒಂದು ತಿಂಗಳೂ ಕೇಳಲಿಲ್ಲ ನೋಡಿ ಎಂದು ಚೇಷ್ಟೆ ಮಾಡಿದೆ.

ಕಾಕಾ ನಗಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದು ತಿಳಿಯದವರ ಹಾಗೆ ನನ್ನನ್ನೇ ನೋಡಿದರು.

“ಗಾಜಿಂದ ನನಗೇನ ಗೊತ್ತಾಗತೈತ್ರಿ. ಅದಕ್ಕ ನಾ ಎಂದೂ ಬೇಡ್ಕೊಂಡಿಲ್ಲ. ನಿಮಗಿಂತ ಮೊದಲ ಇಲ್ಲಿ ಒಬ್ಬಾಕಿ ಹುಡುಗಿ ಇದ್ಲು. ಆ ಕಾದ ತಟ್ಟಿ ಹತ್ತಿ ಇಲ್ಲಿಂದ ಇಲ್ಲಿತನಕ ಕೈ ಸುಟಗೊಂಡ್ಲು. ಓದೂದ ಬಿಟ್ಟ ಹೋದ್ಲು.” ಅವರು ಮಣಿಕಟ್ಟಿನಿಂದ ಮೊಳಕೈವರೆಗೆ ಬೆರಳು ಎಳೆದು ತೋರಿಸಿದರು. “ನೀವು ಬಂದಾಗಿಂದ ನಾ ಬೇಡ್ಕೊಂಡಿದ್ದ ಇಷ್ಟ ನೋಡ್ರಿ. ಈ ಕೂಸಿನ ಕೈ ಸುಡಬಾರ್ದು ಅಂತ.”

ನಾನು ತೋಳು ಸರಿಸಿ ಎರಡೂ ಕೈಗಳನ್ನು ನೋಡಿಕೊಂಡೆ. ನಾನೂರು ಡಿಗ್ರಿಯ ಆ ತಟ್ಟೆಯ ಮುಂದೆ ಐದು ವರ್ಷ, ದಿನಾಲೂ, ಅವಸರದಲ್ಲಿ, ಸಿಟ್ಟಿನಲ್ಲಿ ಕೆಲಸ ಮಾಡಿದ ಕೈಗಳು. ಒಂದು ಕಲೆಯೂ ಇರಲಿಲ್ಲ.